ಬ್ರೇಕಿಲ್ಲದ ಪಿಕಪ್ಪಿನಲ್ಲಿ ಆಳಂದದಿಂದ ಯಡ್ರಾಮಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಪಿಕಪ್ಪಿನ ಬ್ರೇಕ್ ಪೈಪಿನೊಳಗೆ ಗಾಳಿ ಹೊಕ್ಕದ್ದು ನನ್ನ ಬಾಯಿಂದ. ನಾನೇನು ಪೈಪಿಗೆ ಬಾಯಿ ಹಚ್ಚಿ ಊದಲಿಲ್ಲ. ಒಂದೇ ಒಂದು ಮಾತು ಆಡಿದೆ, ಅದನ್ನೂ ಬೇರೆಯವರ ದನಿಯಲ್ಲಿ ಆಡಿದೆ. ಬಿ.ಎ.ಗೆ ಎರಡು ಸಲ ಕೂತು ಎರಡು ಸಲವೂ ಇಂಗ್ಲಿಷಿನಲ್ಲಿ ಬಿದ್ದ ನನಗೆ ಒಲಿದ ವಿದ್ಯೆ ಅದೊಂದೇ. ರೇಡಿಯೋದಲ್ಲಿ ವಾರ್ತೆ ಓದುವವರ ಗತ್ತು, ಬಸ್ ಸ್ಟ್ಯಾಂಡಿನ ಕಂಟ್ರೋಲರನ ಕೆಮ್ಮು, ನಮ್ಮ ಮಾಮಾ ಸಿಟ್ಟಿಗೇಳುವ ಮೊದಲು ಮೂಗಿನಿಂದ ಬಿಡುವ ಉಸಿರು, ಯಾವುದು ಕೇಳಿದರೂ ನಿಂತ ಕಾಲಲ್ಲೇ ತೆಗೆದು ತೋರಿಸುತ್ತಿದ್ದೆ. ನಿನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಮಾತ್ರ ಸ್ವಲ್ಪ ತಡವರಿಸುತ್ತಿದ್ದೆನೇನೋ.

ನಾನಿದ್ದದ್ದು ಮಾಮಾನ ಮನೆಯಲ್ಲಿ, ಅವನದು ಆಳಂದದಲ್ಲಿ ತೊಗರಿ ಬೇಳೆಯ ಮಿಲ್ಲು. ಮಿಲ್ಲಿಗೊಂದು ಹಳೆಯ ಪಿಕಪ್ ಗಾಡಿ, ಗಾಡಿಗೊಬ್ಬ ಗುಂಡಪ್ಪ ಕಾಕಾ. ಗಾಡಿ ಬಂದ ದಿನದಿಂದ ಹದಿನಾರು ವರ್ಷ ಅದರ ಸ್ಟೇರಿಂಗಿನ ಮೇಲೆ ಬೇರೆಯವರ ಕೈ ಬಿದ್ದಿರಲಿಲ್ಲ. ಆ ವರ್ಷ ಮಳೆ ಹಿಡಿದಾಗಿನಿಂದ ಬ್ರೇಕು ಮೇಲಿಂದ ಮೇಲೆ ಕೈಕೊಡತೊಡಗಿತ್ತು. ಒಮ್ಮೆ ಒಳಗಿನ ರಬ್ಬರ್ ಕಪ್ಪು ಸವೆಯಿತು, ಒಮ್ಮೆ ಹಿಂದಿನ ಗಾಲಿಯ ಪೈಪು ಸೋರಿತು, ಒಮ್ಮೆ ಗಾಡಿ ನಿಲ್ಲದೆ ಮಿಲ್ಲಿನ ಗೇಟಿಗೇ ಹೋಗಿ ಗುದ್ದಿತು. ಹಳೆಯದಾದದ್ದು ಗಾಡಿಯೋ ಡ್ರೈವರನೋ ಎಂದು ಮಾಮಾ ಎಲ್ಲರೆದುರು ಕೇಳಲು ಶುರುಮಾಡಿದ್ದ. ಮಾಮಿಯ ತಮ್ಮನೊಬ್ಬ ಹೊಸ ಲೈಸೆನ್ಸನ್ನು ಕಿಸೆಯಲ್ಲಿಟ್ಟುಕೊಂಡು ದಿನಾ ಬಂದು ಮಿಲ್ಲಿನ ಕಟ್ಟೆಯ ಮೇಲೆ ಕೂಡುತ್ತಿದ್ದ. ಅವನು ಯಾಕೆ ಬಂದು ಕೂಡುತ್ತಾನೆಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಗುಂಡಪ್ಪ ಕಾಕಾನಿಗೂ.

ಊರೂರಿನ ಅಂಗಡಿಗಳಿಗೆ ಬೇಳೆ ಮುಟ್ಟಿಸಲು ಗಾಡಿ ಹೊರಡುವ ದಿನ ಬೆಳಿಗ್ಗೆ ಗ್ಯಾರೇಜಿನ ಉಸ್ತಾದ ಬಂದು ಬ್ರೇಕ್ ಪೈಪಿನ ಏರ್ ತೆಗೆಯಲು ಕೂತ. ಇದು ಇಬ್ಬರು ಮಾಡುವ ಕೆಲಸ. ಒಬ್ಬ ಗಾಡಿಯ ಕೆಳಗೆ ಮಲಗಿ ಗಾಲಿಯ ಹತ್ತಿರದ ನಿಪ್ಪಲ್ಲು ಎಂಬ ಸಣ್ಣ ತಿರುಪು ತೆರೆಯುತ್ತಾನೆ, ಮುಚ್ಚುತ್ತಾನೆ. ಇನ್ನೊಬ್ಬ ಸೀಟಿನಲ್ಲಿ ಕೂತು ಪೆಡಲು ತುಳಿಯುತ್ತಾನೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ, ನಡುವೆ ಇರುವುದು ದನಿಯೊಂದೇ. ಕೆಳಗಿನವನು ‘ಮಾರ್’ ಅಂದರೆ ಪಂಪ್ ಮಾಡಬೇಕು, ‘ಪಕಡ್’ ಅಂದರೆ ಒತ್ತಿ ಹಿಡಿಯಬೇಕು. ಆಗ ಅವನು ನಿಪ್ಪಲ್ಲು ತೆರೆಯುತ್ತಾನೆ, ಗಾಳಿಯ ಗುಳ್ಳೆಗಳು ಆಯಿಲ್ಲಿನ ಜೊತೆ ಹೊರಗೆ ಬರುತ್ತವೆ. ಅದನ್ನು ಮತ್ತೆ ಬಿಗಿದ ಮೇಲೆ ‘ಛೋಡ್’, ಅಂದರೆ ಬಿಡು, ಅನ್ನುತ್ತಾನೆ. ಆ ಮಾತು ಬರುವ ಮೊದಲೇ ಕಾಲು ಎತ್ತಿದರೆ ಪೈಪು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಮಾಡಿದ ಕೆಲಸವೆಲ್ಲ ನೀರುಪಾಲು.

ಮೂರು ಗಾಲಿ ಮುಗಿದಿದ್ದವು. ಹಮಾಲರು ಹಿಂದೆ ಚೀಲ ಹೇರುತ್ತಿದ್ದರು, ನಾನು ಬಾನೆಟ್ಟಿಗೆ ಒರಗಿ ಸುಮ್ಮನೆ ನಿಂತಿದ್ದೆ. ಸುಮ್ಮನೆ ನಿಲ್ಲುವುದು ನನ್ನ ಆರೋಗ್ಯಕ್ಕೆ ಒಗ್ಗುವುದಿಲ್ಲ. ಉಸ್ತಾದ ‘ಪಕಡ್’ ಅಂದ, ನಿಪ್ಪಲ್ಲು ತೆರೆದ, ಆಯಿಲ್ಲು ಸೀಸೆಗೆ ಬೀಳುವ ಸಪ್ಪಳ ಕೇಳಿತು. ಆಗ ನಾನು ಅವನದೇ ಗುಟ್ಕಾ ತುಂಬಿದ ಗೊಗ್ಗರು ದನಿಯಲ್ಲಿ, ಮೆಲ್ಲಗೆ, ‘ಛೋಡ್’ ಅಂದೆ. ಗುಂಡಪ್ಪ ಕಾಕಾ ಕಾಲು ಎತ್ತಿದ. ಪೈಪು ಗುಳುಕ್ ಎಂದಿತು.

ಉಸ್ತಾದ ಕೆಳಗಿನಿಂದ ಹೊರಗೆ ಬಂದ. ತಾನು ಬಾಯೇ ತೆರೆದಿಲ್ಲ ಎಂದು ಅವನು, ತಾನು ಕಿವಿಯಾರೆ ಕೇಳಿದ್ದೇನೆ ಎಂದು ಕಾಕಾ. ಇಬ್ಬರೂ ಖರೇನೇ ಹೇಳುತ್ತಿದ್ದರು. ಜಗಳ ಇನ್ನೊಂದು ಸುತ್ತು ಏರಲಿ, ಆಮೇಲೆ ನಕ್ಕು ಹೇಳಿದರಾಯಿತು ಎಂದು ನಾನು ಕಾಯುತ್ತಿದ್ದೆ. ಅಷ್ಟರಲ್ಲಿ ಮಾಮಾ ಆಫೀಸಿನಿಂದ ಹೊರಗೆ ಬಂದ, ಮೂಗಿನಿಂದ ಉಸಿರು ಬಿಟ್ಟ. ಕಾಕಾನನ್ನು ಅವನು ಬಯ್ಯಲಿಲ್ಲ. ಕಿವಿ ಯಾರಿಗಾದರೂ ತೋರಿಸಿಕೊಂಡಿದ್ದೀಯಾ ಎಂದು ತೀರ ಮೆತ್ತಗೆ ಕೇಳಿದ. ಕಟ್ಟೆಯ ಮೇಲಿದ್ದ ಮಾಮಿಯ ತಮ್ಮ ಕಾಲು ಬದಲಿಸಿ ಕೂತ. ನಾನು ಬಾನೆಟ್ಟು ಒರೆಸುವವನ ಹಾಗೆ ಆ ಕಡೆ ತಿರುಗಿದೆ.

ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ಲು ಮುಗಿದಿತ್ತು. ಮೂರು ಸಲ ಪಂಪ್ ಮಾಡಿದರೆ ನಿಲ್ಲುತ್ತದೆ, ಅಫಜಲಪುರದಲ್ಲಿ ಮತ್ತೊಮ್ಮೆ ಏರ್ ತೆಗೆಸಿ ಎಂದು ಹೇಳಿ ಉಸ್ತಾದ ಸೈಕಲ್ಲು ಹತ್ತಿದ. ಮಾಮಾ ನನ್ನನ್ನು ಪಕ್ಕಕ್ಕೆ ಕರೆದ.

“ನಾಕು ದಿನ ಅವನ ಬಾಜೂಕ ಕುಂಡ್ರು. ಕಿವಿ ಕೇಳ್ತದೋ ಇಲ್ಲೋ ನೋಡ್ಕೊಂಡು ಬಾ. ಕೇಳಂಗಿಲ್ಲ ಅಂದ್ರ ಬಂದ ದಿನಾನ ಕೀಲಿ ಇಸ್ಕೋತೇನಿ.”

ಹೀಗೆ, ಕಳ್ಳನನ್ನೇ ನ್ಯಾಯಾಧೀಶನನ್ನಾಗಿ ಮಾಡಿ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿ ಕಳಿಸಿದರು.

ಆಳಂದ ಬಿಟ್ಟಾಗ ಹನ್ನೊಂದು ಗಂಟೆ. ಭಾದ್ರಪದದ ಮೋಡ ಹೊಲಗಳ ಮೇಲೆ ಹಸಿ ಕಂಬಳಿಯ ಹಾಗೆ ಇಳಿಬಿದ್ದಿತ್ತು. ನಿಂಬರ್ಗಾ ದಾಟುವವರೆಗೆ ಜಿಟಿಜಿಟಿ ಮಳೆ. ಒರೆಸುವ ಕಡ್ಡಿ ಒಂದೇ ಇತ್ತು, ಅದೂ ಕಾಕಾನ ಕಡೆ. ನನ್ನ ಕಡೆಯ ಗಾಜಿನಲ್ಲಿ ತೊಗರಿ ಹೊಲ, ಎತ್ತಿನ ಬಂಡಿ, ಎದುರಿಗೆ ಬರುವ ಕೆಂಪು ಬಸ್ಸು ಎಲ್ಲ ಕಲಸಿ ಒಂದೇ ಆಗಿ ಕಾಣುತ್ತಿದ್ದವು. ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಓಡಿಸಲಿಲ್ಲ ಎಂದು ನನ್ನ ಅಂದಾಜು. ಮೀಟರಿನ ಮುಳ್ಳು ಹೇಗೂ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಸೊನ್ನೆಯ ಮೇಲೆಯೇ ಮಲಗಿತ್ತು. ದೂರದಲ್ಲಿ ಒಂದು ಎಮ್ಮೆ ಕಂಡರೂ ಕಾಕಾ ಮೂರು ಸಲ ಪೆಡಲು ತುಳಿದು ನೋಡುತ್ತಿದ್ದ.

ಚೌಡಾಪುರದಲ್ಲಿ ಚಹಾಕ್ಕೆ ನಿಂತೆವು. ಕಪ್ಪಿಗೆ ಅರವತ್ತು ಪೈಸೆ, ಬೆಲ್ಲದ ಚಹಾ. ಬೇರೆ ಸಮಯವಾಗಿದ್ದರೆ ಹೋಟೆಲಿನವನ ತೊದಲು, ಅಲ್ಲಿ ಕೂತವರ ಮೀಸೆ ಎಲ್ಲ ಸೇರಿಸಿ ಒಂದು ನಾಟಕ ಕಟ್ಟುತ್ತಿದ್ದೆ. ಆ ದಿನ ಕಾಕಾ ಕಪ್ಪು ಕೆಳಗಿಟ್ಟು, ಮೆಲ್ಲಗೆ ಏನಾದರೂ ಹೇಳು, ಕೇಳುತ್ತದೋ ನೋಡೋಣ ಎಂದ. ನಾನು ಬಾಯಿಗೆ ಕೈ ಅಡ್ಡ ಹಿಡಿದು “ಮಾಮಾನ ಮೂಗು” ಅಂದೆ. ಕಾಕಾ ನಗಲಿಲ್ಲ. ಕೇಳಿಸಿತು ಎಂದು ತಲೆ ಆಡಿಸಿದ, ಅಷ್ಟೆ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ನಾನು ಇನ್ನೊಂದು ಚಹಾ ತರಿಸಿದೆ.

ಅಫಜಲಪುರ ಮುಟ್ಟಿದಾಗ ಗ್ಯಾರೇಜು ಮುಚ್ಚಿತ್ತು, ಅಮಾವಾಸ್ಯೆಯ ರಜೆ. ಬೇಳೆ ಕೊಳ್ಳುವ ಅಂಗಡಿಯವರ ಗೋದಾಮಿನಲ್ಲಿ ಮಲಗಿದೆವು. ಬೆಳಿಗ್ಗೆ ಮಣ್ಣೂರಿನಲ್ಲಿದ್ದ ಅವರ ಇನ್ನೊಂದು ಅಂಗಡಿಗೆ ಹತ್ತು ಚೀಲ ಮುಟ್ಟಿಸುವುದಿತ್ತು. ಗ್ಯಾರೇಜು ತೆರೆಯುವವರೆಗೆ ಕಾಯೋಣ ಎಂದು ಕಾಕಾ ಹೇಳಿದ. ಅಂಗಡಿಯವರು ಕೇಳಲಿಲ್ಲ, ನಾನು ಕಾಕಾನ ಪರ ಒಂದು ಮಾತೂ ಆಡಲಿಲ್ಲ.

ಮಣ್ಣೂರು ಭೀಮಾ ನದಿಯ ದಂಡೆಯ ಊರು. ನಾವು ಹೋಗಬೇಕಿದ್ದ ಅಂಗಡಿ ಕೆಳಗಿನ ಓಣಿಯಲ್ಲಿತ್ತು. ಆ ಓಣಿ ಇಳಿಯುತ್ತ ಇಳಿಯುತ್ತ ನೇರ ನದಿಯ ಘಾಟಿಗೇ ಹೋಗಿ ನಿಲ್ಲುತ್ತದೆ. ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಘಾಟಿನ ಮೇಲೆ ಐದಾರು ಹೆಂಗಸರು ಬೆನ್ನು ನಮ್ಮ ಕಡೆ ಮಾಡಿ ಬಟ್ಟೆ ಒಗೆಯುತ್ತಿದ್ದರು. ಅಂಗಡಿಯ ಮುಂದೆ ನಿಲ್ಲಬೇಕಿದ್ದ ಗಾಡಿ ನಿಲ್ಲಲಿಲ್ಲ. ಕಾಕಾ ಪೆಡಲು ಒಮ್ಮೆ ತುಳಿದ, ಎರಡು ಸಲ ತುಳಿದ, ಆರು ಸಲ ತುಳಿದ, ಅದು ತಳ ಮುಟ್ಟಿ ಅಲ್ಲೇ ಕೂತಿತು. ಗೇರು ಇಳಿಸಿದ, ಹ್ಯಾಂಡ್ ಬ್ರೇಕ್ ಎಳೆದ. ನಲವತ್ತು ಚೀಲದ ಭಾರ ಹಿಂದಿನಿಂದ ತಳ್ಳುತ್ತಿತ್ತು. ಹಾರನ್ ಮೇಲಿಟ್ಟ ಅಂಗೈಯನ್ನು ಕಾಕಾ ತೆಗೆಯಲೇ ಇಲ್ಲ. ಒಗೆಯುವ ಸಪ್ಪಳದಲ್ಲಿ ಆ ಹೆಂಗಸರು ತಿರುಗಲೂ ಇಲ್ಲ. ಕೊನೆಯ ಮನೆಯ ಹತ್ತಿರ ಅವನು ಸ್ಟೇರಿಂಗನ್ನು ಎಡಕ್ಕೆ ಕಿತ್ತ. ಗಾಡಿ ಒಂದು ಜೋಳದ ಕಣಿಕೆಯ ಬಣವೆಗೆ ಹೊಕ್ಕು, ಒಳಗೆ ಅರ್ಧ ಮುಳುಗಿ ನಿಂತಿತು.

ಬಣವೆಯ ಒಡತಿ, ಒಬ್ಬ ಮುದುಕಿ, ಹೊರಗೆ ಬಂದು ನಮ್ಮಿಬ್ಬರ ವಂಶವನ್ನು ಮೇಲಿನಿಂದ ಕೆಳಗಿನವರೆಗೆ ಬಯ್ದಳು. ಅಂಥ ಬೈಗುಳ ನಾನು ಮೊದಲು ಕೇಳಿರಲಿಲ್ಲ, ಕಲಿತುಕೊಳ್ಳಬೇಕು ಎಂದು ಕೂಡ ಅನಿಸಲಿಲ್ಲ. ಕಣಿಕೆಯ ಧೂಳಿನಲ್ಲಿ ಕಾಕಾ ನನ್ನ ಕಡೆ ತಿರುಗಿದ.

“ತಮ್ಮಾ, ನಾ ಹಾರನ್ ಹೊಡದೆನೋ ಇಲ್ಲೋ?”

ಹೊಡೆದೆ ಎಂದೆ. ನನ್ನ ಕಿವಿ ಇನ್ನೂ ಗುಂಯ್ಗುಡುತ್ತಿತ್ತು. ತನಗೆ ಕೇಳಿಸಲೇ ಇಲ್ಲ ಎಂದ.

ಹತ್ತು ಚೀಲ ಇಳಿಸಿ, ಮೊದಲ ಗೇರಿನಲ್ಲಿ, ನಡೆದು ಹೋಗುವವರೂ ನಮ್ಮನ್ನು ದಾಟುವ ಹಾಗೆ ಅಫಜಲಪುರಕ್ಕೆ ಮರಳಿದೆವು. ಸಣ್ಣ ವಯಸ್ಸಿನ ಮೆಕ್ಯಾನಿಕ್ಕು ಹೊಸ ಆಯಿಲ್ಲು ತರಿಸಿ ಕೆಳಗೆ ಮಲಗಿದ. ನನ್ನ ಬಾಯಿ ಆ ಜಾಗದಲ್ಲಿ ಇರುವುದೇ ಬೇಡ ಎಂದು ರಸ್ತೆ ದಾಟಿ ಹೋಟೆಲಿಗೆ ಹೋದೆ. ಸುಸಲಾ ಒಂದು ಪ್ಲೇಟು, ಮಿರ್ಚಿ ಭಜಿ ಎರಡು. ಎರಡನೆಯ ಭಜಿಯನ್ನು ಕಚ್ಚುವಾಗ ಗ್ಯಾರೇಜಿನಿಂದ ದೊಡ್ಡ ಮಾತು ಕೇಳಿಬಂತು. ಓಡಿಹೋದೆ. ಮೆಕ್ಯಾನಿಕ್ಕು ಮುಖದ ಮೇಲಿನ ಆಯಿಲ್ಲು ಒರೆಸುತ್ತ ಕೂತಿದ್ದ.

“ಕಾಕಾ, ನಾ ಅನ್ನೋಕಿಂತ ಮೊದಲ ಯಾಕ ಬಿಟ್ರಿ?”

“ಅಂದಿಯಲ್ಲೋ. ಛೋಡ್ ಅಂದಿ.”

“ನಾನ್ ಅನ್ನಂಗೇ ಇಲ್ರಿ ಛೋಡ್. ನಾ ಬಿಡ್ರಿ ಅಂತೇನಿ.”

ನಿಮ್ಮ ಮುಂದೆ ಸುಳ್ಳು ಯಾಕೆ, ನನಗೆ ಮೊದಲು ಆದದ್ದು ಸಮಾಧಾನ. ಈ ಸಲ ನಾನಲ್ಲ, ನನ್ನ ಕೈಯಲ್ಲಿ ಅರ್ಧ ಭಜಿ ಸಾಕ್ಷಿ ಇತ್ತು. ಆ ಸಮಾಧಾನ ರಸ್ತೆ ದಾಟಿ ಹೋಟೆಲಿನವನಿಗೆ ದುಡ್ಡು ಕೊಟ್ಟು ಬರುವಷ್ಟು ಹೊತ್ತೂ ಬಾಳಲಿಲ್ಲ. ಆಳಂದದಲ್ಲಿ ನಾನು ಅಂದದ್ದು ಅವನ ತಲೆಯಲ್ಲಿ ಕೂತಿದೆ, ಹೆದರಿದವನಿಗೆ ಹೆದರಿಕೆಯೇ ಕೇಳಿಸುತ್ತದೆ ಎಂದು ನನಗೆ ನಾನೇ ವ್ಯಾಖ್ಯಾನ ಬರೆದುಕೊಂಡೆ. ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ, ಮುಂದೆ ಚೀಲ ಇಳಿಸಲಿರುವ ಜೇವರ್ಗಿಯಲ್ಲಿ ಹೇಳುತ್ತೇನೆ ಎಂದು ನಿಶ್ಚಯಿಸಿದೆ. ತಪ್ಪೊಪ್ಪಿಗೆಗೆ ಊರು ಗೊತ್ತುಮಾಡಿ ಮುಂದೂಡುವುದು ನನ್ನಂಥವನಿಗೆ ಮಾತ್ರ ಬರುವ ಧೈರ್ಯ.

ಮೂರನೆಯ ದಿನ ಗುಲಬರ್ಗಾದ ಮೇಲಿಂದ ಜೇವರ್ಗಿಗೆ ಹೋದೆವು, ಸುಮಾರು ನೂರು ಕಿಲೋಮೀಟರು. ಅಫಜಲಪುರದಲ್ಲಿ ಕೆಲಸ ಅರ್ಧಕ್ಕೇ ನಿಂತದ್ದರಿಂದ ಬ್ರೇಕು ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಜಾರುತ್ತಿತ್ತು. ಗುಲಬರ್ಗಾದ ಖಾನಾವಳಿಯಲ್ಲಿ ಐದು ರೂಪಾಯಿಗೆ ಊಟ, ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಬೇಳೆ. ಕಾಕಾ ಒಂದೇ ರೊಟ್ಟಿ ತಿಂದ. ಕಟ್ಟಿಸಂಗಾವಿಯಲ್ಲಿ ಮತ್ತೆ ಅದೇ ಭೀಮಾ. ಸೇತುವೆಗೆ ಮೊದಲು ಗಾಡಿ ನಿಲ್ಲಿಸಿ, ಹಿಂದೆ ಬರುತ್ತಿದ್ದ ಲಾರಿಗಳನ್ನೆಲ್ಲ ಮುಂದೆ ಬಿಟ್ಟು, ಸೇತುವೆ ಖಾಲಿಯಾದ ಮೇಲೆ ದಾಟಿದ. ಇದೇ ಸೇತುವೆಯ ಮೇಲೆ, ತಾನು ಹೊಸದಾಗಿ ಓಡಿಸುವಾಗ, ಹಾಡುತ್ತ ಹೋಗುತ್ತಿದ್ದೆ ಎಂದ. ಯಾವ ಹಾಡು ಎಂದು ಕೇಳಿದೆ. ನೆನಪಿಲ್ಲ ಎಂದ. ಹದಿನಾರು ವರ್ಷದಲ್ಲಿ ಈ ಗಾಡಿಯ ಕೆಳಗೆ ಒಂದು ಕೋಳಿಯೂ ಸತ್ತಿಲ್ಲ ಎಂದು ನಾನು ಕೇಳದೆಯೇ ಹೇಳಿದ. ನನಗೆ ಮಣ್ಣೂರಿನ ಆ ಹೆಂಗಸರ ಬೆನ್ನುಗಳು ಕಂಡವು.

ಜೇವರ್ಗಿಯಲ್ಲಿ ಉಳಿದ ಚೀಲಗಳಲ್ಲಿ ಅರ್ಧ ಇಳಿದವು. ಅಲ್ಲಿಯ ಮೆಕ್ಯಾನಿಕ್ಕು ವಯಸ್ಸಾದವನು, ಮಾತು ಕಡಿಮೆ. ಗಾಡಿಯ ಕೆಳಗೆ ಗೋಣಿತಟ್ಟು ಹಾಸಿಕೊಂಡು ಮಲಗಿದ. ಕಾಕಾ ನನ್ನ ಮುಖ ನೋಡಿ, ಬಾಜೂಕ ಬಂದು ಕೂಡು ಎಂದ. ಕೂತೆ. ನನ್ನ ಮೇಲೆ ನನಗೆ ಭರವಸೆ ಇರಲಿಲ್ಲ, ಅದಕ್ಕೆ ಹೆಗಲ ಮೇಲಿನ ಟಾವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ.

ಮಳೆ ನಿಂತಿತ್ತು. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗಿನಿಂದ ‘ಹೊಡಿ’ ಎಂದು ದನಿ ಬಂತು, ಕಾಕಾ ತುಳಿದ. ‘ಹಿಡಿ’ ಎಂದು ಬಂತು, ಒತ್ತಿ ಹಿಡಿದ. ನಿಪ್ಪಲ್ಲು ತೆರೆದ ಸಪ್ಪಳ, ಆಯಿಲ್ಲು ಡಬ್ಬಿಗೆ ಬೀಳುವ ಸಪ್ಪಳ. ಆಮೇಲೆ ಏನೂ ಇಲ್ಲ. ನಾನು ಅಲ್ಲೇ ಇದ್ದೆ, ಒಂದು ಗೇಣು ದೂರದಲ್ಲಿ, ಉಸಿರು ಕೂಡ ಹಿಡಿದಿದ್ದೆ. ಯಾರೂ ಏನೂ ಅನ್ನಲಿಲ್ಲ. ಕಾಕಾ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಯಾರಿಗೋ ಓಗೊಡುವ ಹಾಗೆ “ಹೂಂ” ಅಂದ. ಅಂದು, ನೆಮ್ಮದಿಯಿಂದ ಕಾಲು ತೆಗೆದ.

ಕೆಳಗೆ ಪೈಪು ಗುಳುಕ್ ಎಂದಿತು. ಮೆಕ್ಯಾನಿಕ್ಕು ಹೊರಗೆ ಬರಲಿಲ್ಲ, ಬಯ್ಯಲಿಲ್ಲ. ಅಲ್ಲಿಂದಲೇ, ಆ ತಮ್ಮನಿಗೆ ತುಳಿಯಲು ಹೇಳ್ರಿ ಎಂದ. ಕಾಕಾ ಇಳಿದು ಈ ಕಡೆ ಬಂದ, ನಾನು ಅವನ ಸೀಟಿಗೆ ಸರಿದೆ. ಹದಿನಾರು ವರ್ಷದಲ್ಲಿ ಆ ಸೀಟಿನಲ್ಲಿ ಬೇರೆಯವರು ಕೂತದ್ದು ಅದೇ ಮೊದಲು. ಹದಿನೈದು ನಿಮಿಷದಲ್ಲಿ ನಾಲ್ಕೂ ಗಾಲಿ ಮುಗಿದವು. ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತು.

ನಾಲ್ಕನೆಯ ದಿನ ಯಡ್ರಾಮಿಗೆ. ಬಿಸಿಲು ಬಿದ್ದಿತ್ತು, ರಸ್ತೆಯ ಎರಡೂ ಕಡೆ ತೊಗರಿ ಸೊಂಟದೆತ್ತರ ಬೆಳೆದಿತ್ತು. ಮಳೆಗಾಲ ಹಿಡಿದಾಗಿನಿಂದ ಬ್ರೇಕು ಅಷ್ಟು ಚೊಕ್ಕ ಹಿಡಿದದ್ದು ಅದೇ ಮೊದಲು. ಕುರಿ ಹಿಂಡು ಅಡ್ಡ ಬಂದರೆ ಬೆರಳಲ್ಲಿ ಮುಟ್ಟಿದ ಹಾಗೆ ಮುಟ್ಟಿದರೆ ಸಾಕು, ಗಾಡಿ ನಿಲ್ಲುತ್ತಿತ್ತು. ದಾರಿಯುದ್ದ ನಾನು ಮಾತಾಡಿದೆ. ಅಫಜಲಪುರದ ಅಂಗಡಿಯವರ ನಡಿಗೆ ಮಾಡಿ ತೋರಿಸಿದೆ, ಮುದುಕಿಯ ಬೈಗುಳದಲ್ಲಿ ನೆನಪಿದ್ದಷ್ಟನ್ನು ಒದರಿದೆ, ನಾನು ಇಂಗ್ಲಿಷ್ ಪೇಪರಿನ ಮುಂದೆ ಕೂತು ಪೆನ್ನು ಕಚ್ಚಿದ್ದನ್ನೂ ಮಾಡಿದೆ. ಕಾಕಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವನು ಆ ದಿನ ಅಷ್ಟು ಜೋಪಾನವಾಗಿ ಯಾಕೆ ಓಡಿಸಿದ ಎಂದು ನನಗೆ ಯಡ್ರಾಮಿಯಲ್ಲಿ ತಿಳಿಯಿತು.

ಕೊನೆಯ ಚೀಲ ಇಳಿದ ಮೇಲೆ ಗಾಡಿಯನ್ನು ಅಂಗಡಿಯವರ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಹಚ್ಚಿದ. ಗಾಜು ಒರೆಸಿದ. ಸೀಟಿನ ಹಿಂದಿದ್ದ ತನ್ನ ಕಂಬಳಿ, ನೀರಿನ ತಂಬಿಗೆ, ಕನ್ನಡಿಗೆ ಕಟ್ಟಿದ್ದ ವಿಭೂತಿಯ ಚೀಲ ತೆಗೆದುಕೊಂಡ. ಕೀಲಿಯನ್ನು ನನ್ನ ಕೈಯಲ್ಲಿಟ್ಟು, ಮಾಲಕರ ಮೈದುನನನ್ನು ಕಳಿಸಿ ಗಾಡಿ ತರಿಸಿಕೊಳ್ಳಲು ಹೇಳು ಎಂದ. ಬ್ರೇಕ್ ಸರಿಯಾಗಿದೆಯಲ್ಲ ಕಾಕಾ ಎಂದೆ.

“ಹೌದು, ಚಲೋ ಆಗ್ಯಾದ. ಚಲೋ ಇದ್ದಾಗ್ಲೇ ಇಳೀತೇನಿ.”

ಹಿಂದಕ್ಕೆ ಕೆಂಪು ಬಸ್ಸು. ಯಡ್ರಾಮಿಯಿಂದ ಗುಲಬರ್ಗಾಕ್ಕೆ ಒಬ್ಬರಿಗೆ ಹನ್ನೊಂದು ರೂಪಾಯಿ. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಕಾಕಾ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬಸ್ಸು ತಿರುವಿಗೆ ಬಂದಾಗ, ದನ ಅಡ್ಡ ಬಂದಾಗ, ಅವನ ಬಲಗಾಲು ತಾನಾಗಿ ಮುಂದೆ ಸರಿದು ತಗಡಿನ ನೆಲವನ್ನು ಒತ್ತುತ್ತಿತ್ತು. ಒತ್ತಿದ ಮೇಲೆ ಅದನ್ನು ತಾನೇ ನೋಡಿಕೊಂಡು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಜೇವರ್ಗಿ ದಾಟುವವರೆಗೆ ಹತ್ತು ಸಲ ಆಯಿತೇನೋ, ಆಮೇಲೆ ನನಗೆ ನೋಡಲಾಗಲಿಲ್ಲ.

ಅಲ್ಲಿ ಹೇಳಿದೆ. ಯಾರ ದನಿಯನ್ನೂ ಸಾಲ ತೆಗೆದುಕೊಳ್ಳದೆ, ಇದ್ದ ದನಿಯಲ್ಲೇ ಹೇಳಿದೆ. ಆಳಂದದಲ್ಲಿ ‘ಛೋಡ್’ ಎಂದವನು ಉಸ್ತಾದನಲ್ಲ, ನಾನು. ನಿನ್ನ ಕಿವಿಗೆ ಏನೂ ಆಗಿಲ್ಲ. ಮಣ್ಣೂರಿನಲ್ಲಿ ಆದದ್ದೂ ನನ್ನಿಂದ. ಮಾಮಾನ ಮುಂದೆ, ಹಮಾಲರ ಮುಂದೆ, ಆ ಕಟ್ಟೆಯ ಮೇಲೆ ಕೂಡುವವನ ಮುಂದೆ ಒಪ್ಪಿಕೊಳ್ಳುತ್ತೇನೆ, ಬೇಕಾದರೆ ಮಾಮಾ ನನ್ನನ್ನು ಮನೆಯಿಂದ ಹೊರಗೆ ಹಾಕಲಿ, ನೀನು ಕೀಲಿ ತಗೋ. ಹೇಳುತ್ತ ಕೀಲಿಯನ್ನು ಅವನ ಕಂಬಳಿಯ ಮೇಲಿಟ್ಟೆ. ಹೇಳಿದ ಮೇಲೆ ನನಗೆ ಎದೆ ಹಗುರಾದ ಹಾಗಾಯಿತು. ಬಯ್ಯುತ್ತಾನೆ, ಬೇಕಾದರೆ ಹೊಡೆಯುತ್ತಾನೆ, ಆಮೇಲೆ ನಾಳೆ ಇಬ್ಬರೂ ಮರಳಿ ಬಂದು ಗಾಡಿ ತೆಗೆದುಕೊಂಡು ಹೋಗುತ್ತೇವೆ ಎಂದೇ ನಾನು ಲೆಕ್ಕ ಹಾಕಿದ್ದೆ.

ಬಸ್ಸು ಕಟ್ಟಿಸಂಗಾವಿಯ ಸೇತುವೆಗೆ ಬಂತು. ಕಾಕಾ ಕೀಲಿಯನ್ನು ಎತ್ತಿ, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ನನ್ನ ಕಿಸೆಗೆ ಹಾಕಿದ. ಸಿಟ್ಟು ಇರಲಿಲ್ಲ. ನನ್ನ ಕಡೆ ತಿರುಗಿ, ಸಣ್ಣ ಹುಡುಗನಿಗೆ ಬುದ್ಧಿ ಹೇಳುವಷ್ಟು ಸಮಾಧಾನದಿಂದ ಅಂದ:

“ಆಳಂದದಾಗ ಒದರಿದವ ನೀನ, ಒಪ್ಪಿದೆ. ಅಫಜಲಪುರದಾಗ ನೀ ಭಜಿ ತಿನ್ನಾಕತ್ತಿದ್ದಿ, ಜೇವರ್ಗಿದಾಗ ಬಾಯಾಗ ಟಾವೆಲ್ ಕಚ್ಚಿ ನನ್ನ ಬಾಜೂಕ ಕುಂತಿದ್ದಿ. ಅಲ್ಲಿ ಒದರಿದ ದನಿ ಯಾರದು ತಮ್ಮಾ, ಅದನ್ನ ಒಮ್ಮೆ ತಗದು ತೋರಸು, ಕೇಳ್ತೇನಿ.”